ಕಥೆಗೊಂದು ಊರು, ತಲೆಗೊಂದು ಕುಕ್ಕು

ಶಿಸ್ತು ಒಳ್ಳೆಯದೇ, ಆದರೆ ಅದನ್ನು ಕಥೆಗೆ ಹಚ್ಚಬಾರದು ಎಂಬ ತಿಳಿವಳಿಕೆ ನನಗೆ ಅಜ್ಜಿಯಾದ ಮೇಲೆ ಬಂತು, ಅದೂ ಒಂದು ಹಕ್ಕಿಯಿಂದ. ನಾನು ಮೈಸೂರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಡ್ರಿಲ್ ಮೇಡಂ ಆಗಿದ್ದವಳು. ಸೀಟಿ ಊದಿದರೆ ಸಾಲು ನಿಲ್ಲಬೇಕು, ಮತ್ತೊಮ್ಮೆ ಊದಿದರೆ ಸಾಲು ಕರಗಬೇಕು. ನಿವೃತ್ತಿಯಾದ ಮೇಲೆ ಸೀಟಿ ಸೂಟ್‌ಕೇಸಿನ ಮೂಲೆ ಸೇರಿತು. ಊದುವ ಸ್ವಭಾವ ಮಾತ್ರ ಹೊರಗೇ ಉಳಿಯಿತು. ನನ್ನ ಮೂವರು ಮಕ್ಕಳೂ ಆಸ್ಟ್ರೇಲಿಯಾದಲ್ಲಿದ್ದಾರೆ. “ಎಲ್ಲರೂ ಒಂದೇ ದೇಶ, ಬೆಳಿಗ್ಗೆ ಒಬ್ಬರ ಮನೆ, ಸಂಜೆ ಇನ್ನೊಬ್ಬರ ಮನೆ” ಎಂದು ಪಕ್ಕದ ಮನೆಯವರಿಗೆ ಹೇಳಿ ವಿಮಾನ ಹತ್ತಿದ್ದೆ. ಇಲ್ಲಿ ಪರ್ತಿನ ಕ್ಯಾನಿಂಗ್ ವೇಲ್‌ನಲ್ಲಿ ಮಗಳು ಸುಮಾಳ ಮನೆಗೆ ಬಂದಿಳಿದ ಮೇಲೆ ತಿಳಿಯಿತು, ಬ್ರಿಸ್ಬೇನಿನ ಮಗನ ಮನೆಗೂ ನಮಗೂ ನಡುವೆ ಒಂದು ಇಡೀ ಮರುಭೂಮಿ ಕಾಲು ಚಾಚಿಕೊಂಡು ಮಲಗಿದೆ ಎಂದು.

ಹಾಗಾಗಿ ಭಾನುವಾರದ ವಿಡಿಯೊ ಕಥೆಯನ್ನು ಶುರುಮಾಡಿದೆ. ಸುಮಾಳ ಮಗಳು ಮೇಘಾ ನನ್ನ ಪಕ್ಕದಲ್ಲಿ. ಅಡಿಲೇಡಿನ ಬ್ಲೇರ್ ಅಥಾಲ್‌ನಿಂದ ಕಿರಿ ಮಗನ ಮಗ ತೇಜು. ಬ್ರಿಸ್ಬೇನಿನ ಟೂವಾಂಗ್‌ನಿಂದ ಹಿರಿ ಮಗನ ಮಗಳು ನಿಧಿ. ಪರ್ತಿನಲ್ಲಿ ನಾಲ್ಕಾದರೆ ಬ್ರಿಸ್ಬೇನಿನಲ್ಲಿ ಆರು, ಅಡಿಲೇಡಿನಲ್ಲಿ ಐದೂವರೆ. ಆ ಅರ್ಧ ಗಂಟೆ ಯಾರ ತಲೆಗೆ ಹೊಳೆಯಿತೋ, ಅವರು ನನ್ನ ಶಾಲೆಯಲ್ಲಿ ಓದಿದವರಂತೂ ಅಲ್ಲ. ಮೂವರು ಮೊಮ್ಮಕ್ಕಳು ಒಟ್ಟಿಗೆ ಕನ್ನಡ ಕೇಳುವುದು ವಾರಕ್ಕೆ ಆ ಒಂದೇ ಗಂಟೆ. ಕೇಳುವುದು ಕನ್ನಡದಲ್ಲಿ, ಉತ್ತರಿಸುವುದು ಇಂಗ್ಲಿಷಿನಲ್ಲಿ. ಅದಕ್ಕೂ ನಾನು ಒಗ್ಗಿಕೊಂಡಿದ್ದೆ.

ತೊಂದರೆ ಶುರುವಾದದ್ದು ಹದಿಮೂರರ ನಿಧಿಯಿಂದ. “ಒಂದೂರಿನಲ್ಲಿ ಒಬ್ಬ ರಾಜನಿದ್ದ” ಎಂದೆ. “ವಿಚ್ ಊರು, ಅಜ್ಜಿ?” ಎಂದಳು. ಅದುವರೆಗೆ ನನ್ನ ರಾಜನ ವಿಳಾಸವನ್ನು ಯಾರೂ ಕೇಳಿರಲಿಲ್ಲ. “ಯಾವುದೋ ಊರು ಕಣೇ” ಎಂದರೆ, ಯಾವುದೋ ಊರಿನ ಕಥೆ ತನಗ್ಯಾಕೆ ಎಂಬಂತೆ ಮುಖ ಮಾಡಿದಳು. ಸರಿ, ಮುಂದಿನ ವಾರ ರಾಜನನ್ನು ಆಸ್ಟ್ರೇಲಿಯಾಕ್ಕೆ ವರ್ಗಾಯಿಸಿದೆ. ಅರಮನೆ ಕ್ಯಾನಿಂಗ್ ವೇಲ್‌ನ ಶಾಪಿಂಗ್ ಸೆಂಟರ್ ಹಿಂದೆ. ಕಾಡಿನ ಹುಲಿಯ ಜಾಗಕ್ಕೆ ಕಾಂಗರೂ ಹಾಕಿದೆ. ಅದು ಋಷಿಯೊಬ್ಬನನ್ನು ತಿನ್ನಲು ಬಂದಾಗ ತೇಜು ಅಳಲು ಶುರುಮಾಡಿದ. ಕಾಂಗರೂ ಹುಲ್ಲು ತಿನ್ನುತ್ತದಂತೆ, ಅಜ್ಜಿ ಅದರ ಹೆಸರು ಕೆಡಿಸುತ್ತಿದ್ದಾಳಂತೆ. ಮೂವರಿಗೂ ಸಮಪಾಲು ಸಿಗಲೆಂದು ರಾಜಕುಮಾರನಿಗೆ ಪರ್ತಿನಲ್ಲಿ ತಿಂಡಿ ತಿನ್ನಿಸಿ ಕುದುರೆ ಹತ್ತಿಸಿದೆ, ಅಡಿಲೇಡಿನಲ್ಲಿ ಊಟ, ಬ್ರಿಸ್ಬೇನಿನಲ್ಲಿ ಸಂಜೆ ಕಾಫಿ.

ಕುದುರೆ ಸತ್ತೇಹೋಗುತ್ತದೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು ಮೇಘಾ, ನನ್ನ ಕೈ ತಟ್ಟುತ್ತಾ.

ಕಥೆ ಮುಗಿದ ಮೇಲೆ ನಿಧಿ ಪರದೆ ಆರಿಸುವುದನ್ನು ಮರೆತಿದ್ದಳು. ಮುಂದಿನ ವಾರದಿಂದ ತಾನು ಬರುವುದಿಲ್ಲ, ಅಜ್ಜಿಗೆ ನೋವಾಗದ ಹಾಗೆ ನೀನೇ ಹೇಳು ಎಂದು ಅಪ್ಪನಿಗೆ ಹೇಳುತ್ತಿದ್ದುದು ಕೇಳಿಸಿತು. “ಇನ್ನೊಂದೇ ಒಂದು ವಾರ ಕೂತ್ಕೋ ಪುಟ್ಟಾ, ಆಮೇಲೆ ನಾನು ಮಾತಾಡ್ತೀನಿ” ಎಂದ ನನ್ನ ಮಗ. ದೊಡ್ಡವಳು ಎದ್ದರೆ ಚಿಕ್ಕವರಿಬ್ಬರೂ ಹಿಂದೆಯೇ ಎದ್ದುಹೋಗುತ್ತಾರೆ. ಸಾಲು ಕರಗುವುದು ಹೇಗೆಂದು ನನಗಿಂತ ಚೆನ್ನಾಗಿ ಬಲ್ಲವರಾರು?

ಆ ಚಿಂತೆಯಲ್ಲೇ ಬೆಳಗಿನ ನಡಿಗೆಗೆ ಹೊರಟಿದ್ದೆ. ಸೆಪ್ಟೆಂಬರ್, ಇಲ್ಲಿ ವಸಂತ. ಪಾರ್ಕಿನ ಪಕ್ಕದ ನೀಲಗಿರಿ ಮರದಿಂದ ಏನೋ ರೊಯ್ಯನೆ ಇಳಿದು ನನ್ನ ತಲೆಗೆ ಕುಕ್ಕಿತು. ತಿರುಗಿ ನೋಡಿದರೆ ಕಾಗೆಯ ಗಾತ್ರದ ಕಪ್ಪು ಬಿಳುಪು ಹಕ್ಕಿ, ಇನ್ನೊಂದು ಸುತ್ತಿಗೆ ಸಿದ್ಧವಾಗಿ ತಂತಿಯ ಮೇಲೆ ಕೂತಿದೆ. ನಾನು ಓಡಿದೆ. ಡ್ರಿಲ್ ಮೇಡಂ ಸಾಲು ಮುರಿದು ಓಡಿದ್ದು ಅದೇ ಮೊದಲು.

ಮನೆಗೆ ಬಂದವಳೇ ಸ್ಪೀಕರ್ ಹಾಕಿ ಮೈಸೂರಿನ ಅಕ್ಕನಿಗೆ ಫೋನ್ ಮಾಡಿದೆ. ಕಾಗೆ ತಲೆಗೆ ಮುಟ್ಟಿದರೆ ದೋಷ ಎಂದು ಬೆಳೆದವರು ನಾವು. ಅಕ್ಕ ಕೂಲಂಕಷವಾಗಿ ವಿಚಾರಿಸಿದಳು. “ಅರ್ಧ ಬಿಳೀನಾ? ಹಾಗಾದ್ರೆ ಅರ್ಧ ದೋಷ. ತಲೆಗೆ ಸ್ನಾನ ಮಾಡು, ಎಳ್ಳೆಣ್ಣೆ ದೀಪ ಹಚ್ಚು. ಆಮೇಲೆ ನೀನು ಹೋಗ್ಬಿಟ್ಟೆ ಅಂತ ನೆಂಟರಿಗೆ ಸುಳ್ಳು ಸುದ್ದಿ ಕಳಿಸು. ಅವರು ಅತ್ತರೆ ಕಳೆಯುತ್ತೆ.”

“ಅಮ್ಮಾ, ಯಾರಿಗೂ ಮೆಸೇಜ್ ಮಾಡ್ಬೇಡ” ಎಂದಳು ಸುಮಾ ಅಡುಗೆಮನೆಯಿಂದಲೇ. “ಅಳೋಕೆ ಮುಂಚೆ ಟಿಕೆಟ್ ಬುಕ್ ಮಾಡ್ಬಿಡ್ತಾರೆ. ಅದು ಮ್ಯಾಗ್‌ಪೈ. ಗೂಡಲ್ಲಿ ಮರಿ ಇದೆ, ಅಷ್ಟೇ. ಐಸ್‌ಕ್ರೀಂ ಡಬ್ಬಕ್ಕೆ ಕಣ್ಣು ಬರೆದು, ಕಣ್ಣು ಹಿಂದಕ್ಕೆ ಬರೋ ಹಾಗೆ ತಲೆಗೆ ಹಾಕ್ಕೊಂಡು ಹೋಗು, ನೋಡ್ತಿದ್ದೀಯ ಅಂದ್ಕೊಂಡು ಹಿಂದಿನಿಂದ ಕುಕ್ಕಲ್ಲ, ಎಲ್ರೂ ಹಾಗೇ ಮಾಡೋದು.”

ಭಾನುವಾರ ನನ್ನ ಬಳಿ ರಾಜನೂ ಇರಲಿಲ್ಲ, ರಾಜ್ಯವೂ ಇರಲಿಲ್ಲ. ನಿಧಿ ಗಡಿಯಾರ ನೋಡುತ್ತಾ ಕೂತಿದ್ದಳು. ಇದೇ ಕೊನೆಯದಾದರೆ ಆಗಲಿ ಎಂದು ಪಾರ್ಕಿನ ಓಟವನ್ನು ಹೇಳಿದೆ. ಅಕ್ಕನ ತೀರ್ಪನ್ನೂ ಹೇಳಿದೆ.

“ವೇಟ್” ಎಂದಳು ನಿಧಿ. ನಾನು ಸತ್ತುಹೋದೆನೆಂದು ತಮಗೆ ಮೆಸೇಜ್ ಬರುತ್ತಿತ್ತಾ ಎಂದು ಇಂಗ್ಲಿಷಿನಲ್ಲೇ ಕೇಳಿದಳು. ಹೌದೆಂದೆ. ಅವಳು ಕುರ್ಚಿಯಿಂದ ಜಾರುವಷ್ಟು ನಕ್ಕಳು. ತೇಜು, ತನ್ನ ಶಾಲೆಯ ಗೇಟಿನಲ್ಲೂ ಒಂದಿದೆ, ಗೇಟು ದಾಟಿದರೆ ಬಿಟ್ಟುಬಿಡುತ್ತದೆ ಎಂದ. ನಿಧಿಯ ಟೂವಾಂಗ್‌ನದು ರೈಲ್ವೆ ಸ್ಟೇಷನ್ನಿನ ದಾರಿಯಲ್ಲಿ ಮೂರನೇ ಮರದ್ದಂತೆ, ನಾಲ್ಕನೆಯ ಮರ ಅದರ ವ್ಯಾಪ್ತಿಗೆ ಬರುವುದಿಲ್ಲವಂತೆ. ನನ್ನದು ತಂತಿ ಕಂಬದಿಂದ ಜಾರುಬಂಡೆಯವರೆಗೆ ಎಂದು ನಾನೂ ಗಡಿ ಹೇಳಿದೆ. ಭೂಪಟ ಬಿಡಿಸಿಟ್ಟುಕೊಂಡು ನಾನು ಹುಡುಕುತ್ತಿದ್ದ ಊರನ್ನು ಆ ಹಕ್ಕಿಗಳು ಅಳೆದು ಇಟ್ಟುಕೊಂಡಿದ್ದವು.

ನಾನು ನೀರು ಕುಡಿಯಲೆಂದು ನಿಲ್ಲಿಸಿದೆ. ಆಗ ಬ್ರಿಸ್ಬೇನಿನಿಂದ ಅಪ್ಪಟ ಕನ್ನಡದಲ್ಲಿ ಒಂದು ಮಾತು ಬಂತು. “ಆಮೇಲೆ?”

ನಿಧಿಯೇ ಕೇಳಿದ್ದು. ನಾನು ಎರಡು ಲೋಟ ನೀರು ಕುಡಿದೆ. ಅವಳು ಬರುವುದಿಲ್ಲವೆಂಬ ಮಾತನ್ನು ಮಗ ನನ್ನೊಡನೆ ಆಡಲೇ ಇಲ್ಲ. ಆ ರಾತ್ರಿ ನಾನು ಹಗುರಾಗಿ ಮಲಗಿದೆ.

ಅಂದಿನಿಂದ ಪ್ರತಿ ಬೆಳಿಗ್ಗೆ ಅದೇ ಪಾರ್ಕಿಗೆ, ಡಬ್ಬವಿಲ್ಲದೆ, ಕಥೆ ತರಲು ಹೋದೆ. ಕೆಲವು ದಿನ ಹಕ್ಕಿ ನಿಯಮ ತಪ್ಪದೆ ಕುಕ್ಕಿತು. ಈಚೆಗೆ ಸುಮ್ಮನೆ ಕೂತು ನೋಡುತ್ತದೆ. “ಮುಖ ಗುರುತು ಹಿಡಿಯತ್ತೆ ಅಮ್ಮಾ, ನೀನೀಗ ಈ ಊರಿನವಳು” ಎಂದು ಸುಮಾ ಹೆಮ್ಮೆಯಿಂದ ಹೇಳಿದಳು. ಹೆಮ್ಮೆ ಸರಿ, ಭಾನುವಾರ ಏನು ಹೇಳಲಿ? ನಾಳೆಯಿಂದ ಅಳಿಯನ ಗಣಿ ಕೆಲಸದ ಹೆಲ್ಮೆಟ್ಟು, ಕಪ್ಪು ಕನ್ನಡಕ ಹಾಕಿಕೊಂಡು, ಪರ ಊರಿನವಳಂತೆ ಹೋಗಿ ನೋಡಬೇಕೆಂದಿದ್ದೇನೆ.