ಹಿಂದಿನ ಸೀಟಿನವರು

ನನ್ನ ಬೆನ್ನ ಹಿಂದೆ ಯಾರೋ ಕೂತಿದ್ದಾರೆ ಎಂದು ನನ್ನ ಹೊಸ ಕಾರು ಹೇಳತೊಡಗಿದ್ದು, ಅದನ್ನು ಕೊಂಡ ನಾಲ್ಕನೆಯ ದಿನ. ಕಾರಿನಲ್ಲಿದ್ದವರು ನಾನು ಮತ್ತು ನನ್ನ ಹೆಂಡತಿ, ಇಬ್ಬರೇ. ಇಬ್ಬರೂ ಮುಂದಿನ ಸೀಟಿನಲ್ಲಿ. ರಸ್ತೆಯ ಗುಂಡಿಯೊಂದರಲ್ಲಿ ಕಾರು ಕುಲುಕಿದ್ದೇ ತಡ, ಸ್ಟೀರಿಂಗಿನ ಮುಂದಿನ ಪರದೆಯಲ್ಲಿ ಒಬ್ಬ ಪುಟ್ಟ ಕೆಂಪು ಮನುಷ್ಯ ಮೂಡಿದ. ‘ಟಿಂಗ್, ಟಿಂಗ್’ ಎಂದು ಗಂಟೆ ಬಡಿಯಿತು. ಚಾಲಕನ ಹಿಂದೆ ಕೂತವರು ಬೆಲ್ಟ್ ಹಾಕಿಲ್ಲ ಎಂದು ಅದರ ಅರ್ಥ.

“ಹಿಂದೆ ಯಾರಿದ್ದಾರ್ರೀ?”

“ಯಾರೂ ಇಲ್ಲ.”

“ಮತ್ತೆ ಇದ್ಯಾಕೆ ಇದ್ದಾರೆ ಅನ್ನುತ್ತೆ?”

“ಹೊಸ ಕಾರಲ್ವಾ, ನಮ್ಮ ಮನೇಲಿ ಎಷ್ಟು ಜನ ಅಂತ ಇನ್ನೂ ಗೊತ್ತಾಗಿಲ್ಲ.”

ಅವಳು ನಗಲಿಲ್ಲ. ನಿಧಾನವಾಗಿ ತಿರುಗಿ ಖಾಲಿ ಸೀಟನ್ನು ನೋಡಿ, ಮತ್ತೆ ಮುಂದೆ ತಿರುಗಿ, ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು.

ಈ ಕಾರು ನಮ್ಮ ಮನೆಗೆ ಬಂದದ್ದೇ ಅವಳಿಗೋಸ್ಕರ. ಅವಳು ಊರಿನ ಆ ತುದಿಯ ಶಾಲೆಯೊಂದರಲ್ಲಿ ಗ್ರಂಥಪಾಲಕಿ. ಎರಡು ಬಸ್ಸು ಬದಲಾಯಿಸಿ, ನಿಂತುಕೊಂಡೇ ಹೋಗಿ ಮಂಡಿ ಸವೆಸಿಕೊಂಡವಳು. ನಲವತ್ತಾರನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತಳು. (ಕಲಿಸಿದಾತನ ನಿಟ್ಟುಸಿರನ್ನೂ ನನ್ನ ಉಪದೇಶಗಳನ್ನೂ ಒಟ್ಟಿಗೆ ಸಹಿಸಿದಳು.) ಸಾಲ ನನ್ನ ಹೆಸರಿಗೆ, ಸ್ಟೀರಿಂಗ್ ಅವಳ ಕೈಗೆ ಎಂಬುದು ನಮ್ಮೊಳಗಿನ ಕರಾರು.

ನಾನು ಕಚೇರಿಯೊಂದರ ದಾಖಲೆ ಕೋಣೆಯ ಮುಖ್ಯಸ್ಥ. ಹತ್ತೊಂಬತ್ತು ವರ್ಷಗಳಲ್ಲಿ ಅಲ್ಲಿಂದ ಒಂದು ಚೀಟಿಯೂ ಕಳೆದುಹೋಗಿಲ್ಲ. ಮನೆಯ ಕಥೆ ಬೇರೆ. ಹನ್ನೆರಡು ವರ್ಷಗಳ ಕರೆಂಟ್ ಬಿಲ್ಲುಗಳನ್ನು, ಒಂದು ದಿನ ಮನೆ ಗುಡಿಸುವ ಹುರುಪಿನಲ್ಲಿ, ನನ್ನ ಧರ್ಮಪತ್ನಿ ಹಳೇ ಪೇಪರಿನವನಿಗೆ ಕೊಟ್ಟುಬಿಟ್ಟಿದ್ದಳು. ಆ ಗಾಯ ಇನ್ನೂ ಮಾಗಿಲ್ಲ. ಆದ್ದರಿಂದ ಕಾರಿನ ಸಾಲದ ಒಪ್ಪಂದ, ವಾರಂಟಿ, ರಸೀದಿ ಎಲ್ಲವನ್ನೂ ಒಂದು ದಪ್ಪ ಫೈಲಿಗೆ ಸೇರಿಸಿ, ಯಾವ ಪೊರಕೆಯೂ ತಲುಪದ ಜಾಗದಲ್ಲಿ ಭದ್ರಪಡಿಸಿದ್ದೆ. ಎಲ್ಲಿ ಎಂದು ಅವಳಿಗೂ ಹೇಳಿರಲಿಲ್ಲ, ನಿಮಗೂ ಸದ್ಯಕ್ಕೆ ಹೇಳುವುದಿಲ್ಲ.

ಒಂದು ಬೆಳಿಗ್ಗೆ ಅವಳು ಒಬ್ಬಳೇ ಕಾರು ತೆಗೆದುಕೊಂಡು ಹೊರಟಳು. ಹತ್ತೇ ನಿಮಿಷಕ್ಕೆ ವಾಪಸ್ ಬಂದು ಕೀಲಿಯನ್ನು ಮೇಜಿನ ಮೇಲಿಟ್ಟಳು. ಮುಖ ಬಿಳಿಚಿಕೊಂಡಿತ್ತು.

“ತಿರುವಿನಲ್ಲಿ ನಿಲ್ಲಿಸಿ ಹಿಂದಿನ ಬಾಗಿಲು ತೆಗೆದು ನೋಡಿದೆ ಕಣ್ರೀ. ಯಾರೂ ಇರಲಿಲ್ಲ. ಮತ್ತೆ ಹೊರಟೆ. ಮತ್ತೆ ಬಂದು ಕೂತಿತ್ತು.”

‘ಕೂತಿತ್ತು’ ಎಂಬ ಮಾತಿಗೆ ನನ್ನ ಮೈಮೇಲಿನ ಕೂದಲು ಎದ್ದು ನಿಂತವು. ಅವಳು ಬ್ಯಾಗು ಹೆಗಲಿಗೇರಿಸಿ ಬಸ್ ನಿಲ್ದಾಣದ ಕಡೆ ನಡೆದಳು. ಕಿಟಕಿಯಿಂದ ಅವಳ ಕುಂಟುನಡಿಗೆ ನೋಡುತ್ತಾ ನಿಂತೆ. ಆ ಕ್ಷಣದಲ್ಲೇ ನನ್ನೊಳಗಿನ ಗ್ರಾಹಕ ಜಾಗೃತನಾದ.

ಒಪ್ಪಂದದ ಇರುವೆ ಗಾತ್ರದ ಅಕ್ಷರಗಳನ್ನೆಲ್ಲ ಓದಿದೆ. ಮೂವತ್ತು ದಿನಗಳೊಳಗೆ ದೋಷ ಸಾಬೀತಾದರೆ ಮಾರಿದವರು ಕಾರು ವಾಪಸ್ ಪಡೆಯಬೇಕು, ಸಾಲ ಕೊಟ್ಟ ಕಂಪನಿ ಸಾಲ ರದ್ದು ಮಾಡಬೇಕು. ಸಾಬೀತಾಗದಿದ್ದರೆ ಐದು ವರ್ಷ ನಾನು ಕಂತು ಕಟ್ಟುತ್ತಿರಬೇಕು, ಹಿಂದಿನ ಸೀಟಿನವರು ಪುಕ್ಕಟೆ ಸವಾರಿ ಮಾಡುತ್ತಿರುತ್ತಾರೆ.

ದೂರು ಬರೆದೆ. ಷೋರೂಮಿಗೆ ಒಂದು, ಸಾಲದ ಕಂಪನಿಗೆ ಒಂದು, ಗ್ರಾಹಕ ವೇದಿಕೆಗೆ ಒಂದು. ಪ್ರತಿಯೊಂದರ ಎರಡೆರಡು ನಕಲು ನನ್ನ ಫೈಲಿಗೆ. ಮೂರು ಸಲ ಕಾರನ್ನು ವರ್ಕ್‌ಷಾಪಿಗೆ ಬಿಟ್ಟೆ. (ಮೂಲ ದಾಖಲೆಗಳನ್ನು ಪರರ ವಶಕ್ಕೆ ಕೊಡಬಾರದು ಎಂಬುದು ನಮ್ಮ ವೃತ್ತಿಯ ಮೊದಲ ಪಾಠ. ಆದ್ದರಿಂದ ಪ್ರತಿ ಸಲವೂ ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡೇ ಮನೆಗೆ ಬರುತ್ತಿದ್ದೆ.) ಮೂರು ಸಲವೂ ‘ದೋಷ ಕಂಡುಬಂದಿಲ್ಲ’ ಎಂದು ಬರೆದು ಕಳಿಸಿದರು. ಮನೆಗೆ ತಂದ ಮರುದಿನವೇ ಟಿಂಗ್, ಟಿಂಗ್.

ವಿಚಿತ್ರವೆಂದರೆ, ನಾನು ದೂರು ಬರೆದಷ್ಟೂ ಅದು ಬಲಿಯುತ್ತಿತ್ತು. ಮೊದಮೊದಲು ಗುಂಡಿಗಳಲ್ಲಿ ಮಾತ್ರ ಇಣುಕುತ್ತಿದ್ದ ಕೆಂಪು ಮನುಷ್ಯ, ಆರನೆಯ ದೂರಿನ ಹೊತ್ತಿಗೆ ನುಣ್ಣನೆಯ ರಸ್ತೆಯಲ್ಲೂ ಬಂದ. ಹನ್ನೊಂದನೆಯದರ ನಂತರ ಹೋಗಲೇ ಇಲ್ಲ.

“ಅದಕ್ಕೆ ಗೊತ್ತಾಗ್ತಿದೆ,” ಎಂದಳು ಹೆಂಡತಿ, ತಗ್ಗಿದ ದನಿಯಲ್ಲಿ. “ನೀವು ಬರೆದ ಹಾಗೆಲ್ಲಾ ಗಟ್ಟಿಯಾಗಿ ಕೂತ್ಕೋತಿದೆ. ಸಾಕು ಮಾಡ್ರೀ.”

“ನನ್ನ ಹಕ್ಕು ಕಣೇ ಇದು.”

“ಅದರ ಹಕ್ಕು ಏನಿದೆಯೋ ಕೇಳಿದ್ದೀರಾ?”

ನಾನು ಧೈರ್ಯಸ್ಥನೆಂದೇ ಭಾವಿಸಿಕೊಂಡಿದ್ದೆ. ಆದರೆ ಕುತ್ತಿಗೆಯ ಹಿಂಭಾಗ ಸದಾ ತಣ್ಣಗಿರುತ್ತಿತ್ತು. ಸೀಟಿಗೆ ಬೆನ್ನು ಒರಗಿಸುವುದನ್ನೇ ಬಿಟ್ಟೆ. ಒಂದು ದಿನ ಕಚೇರಿಯ ಮುಂದೆ ಇಳಿದವನು ಹಿಂದಿನ ಬಾಗಿಲನ್ನೂ ತೆಗೆದು, ಯಾರೋ ಇಳಿಯಲಿ ಎಂಬಂತೆ ಸ್ವಲ್ಪ ಹೊತ್ತು ಹಿಡಿದು ನಿಂತಿದ್ದೆ. ಕಾವಲುಗಾರ ನೋಡುತ್ತಿದ್ದ. ಯಾಕೋ ಅವನೂ ಒಂದು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟ.

ಮೂವತ್ತನೆಯ ದಿನ ಸಾಲದ ಕಂಪನಿಯ ಪರೀಕ್ಷಕರು ಷೋರೂಮಿನ ಮ್ಯಾನೇಜರನ್ನು ಕರೆದುಕೊಂಡು ಮನೆಗೆ ಬಂದರು. ಪರೀಕ್ಷಕರು ಮೆಲುದನಿಯ, ಮುಖದಲ್ಲಿ ಏನೂ ತೋರಿಸದ ಮನುಷ್ಯ. ಚಾಲಕನ ಸೀಟಿನಲ್ಲಿ ಕೂತು ಕಾರು ಚಾಲೂ ಮಾಡಿದರು. ಟಿಂಗ್, ಟಿಂಗ್. ಕೆಂಪು ಮನುಷ್ಯ ಹಾಜರ್. ಪರೀಕ್ಷಕರು ಹಿಂದೆ ತಿರುಗಿ ಖಾಲಿ ಸೀಟನ್ನು ನೋಡಿದರು. ಅವರ ಕೈ ತಾನಾಗಿಯೇ ಕುತ್ತಿಗೆ ಸವರಿಕೊಂಡಿತು. ಮ್ಯಾನೇಜರ್ ಬೆವರು ಒರೆಸಿಕೊಂಡ. ಹೆಂಡತಿ ಗೇಟಿನ ಆಚೆಯೇ ನಿಂತಿದ್ದಳು.

“ದೋಷ ಇದೆ ಸರ್, ಒಪ್ಪಿಕೊಳ್ಳಲೇಬೇಕು,” ಎಂದರು ಪರೀಕ್ಷಕರು. “ಮೂಲ ಒಪ್ಪಂದ, ದೂರಿನ ಪ್ರತಿಗಳು ಕೊಡಿ. ಈಗಲೇ ಬರೆದುಕೊಡ್ತೀನಿ.”

ಇದಕ್ಕಿಂತ ಘನವಾದ ಗಳಿಗೆ ನನ್ನ ಬದುಕಿನಲ್ಲಿ ಬಂದಿರಲಿಲ್ಲ. ದಾಖಲೆ ಕೋಣೆಯ ಗತ್ತಿನಿಂದ ಹಿಂದಿನ ಬಾಗಿಲು ತೆಗೆದೆ. ಚಾಲಕನ ಹಿಂದಿನ ಸೀಟಿನ ಕವರಿನ ಕೊಕ್ಕೆ ಬಿಚ್ಚಿ, ಒಳಗೆ ಕೈ ಹಾಕಿ, ನಾಲ್ಕು ಕಿಲೋಗೆ ಕಡಿಮೆಯಿಲ್ಲದ ನನ್ನ ಫೈಲನ್ನು ಹೊರಗೆಳೆದೆ.

ಗಂಟೆ ನಿಂತಿತು. ಕೆಂಪು ಮನುಷ್ಯ ಮಾಯವಾದ.

ಪರೀಕ್ಷಕರು ಇಳಿದು ಬಂದು, ಫೈಲನ್ನು ನನ್ನ ಕೈಯಿಂದ ತೆಗೆದುಕೊಂಡು ಸೀಟಿನ ಮೇಲಿಟ್ಟರು. ಟಿಂಗ್. ಎತ್ತಿದರು. ಮೌನ. ಮತ್ತೆ ಇಟ್ಟರು. ಟಿಂಗ್.

“ಹನ್ನೊಂದು ದೂರನ್ನೂ ಒಯ್ದು ಅದರ ಹೊಟ್ಟೆಗೇ ತುಂಬಿದ್ರಾ?” ಎಂದಳು ಹೆಂಡತಿ ಗೇಟಿನಿಂದಲೇ.

“ಇನ್ನು ಮೇಲೆ ಫೈಲಿಗೂ ಒಂದು ಬೆಲ್ಟ್ ಹಾಕಿ ಸರ್,” ಎಂದ ಮ್ಯಾನೇಜರ್. ಆ ಒಂದು ತಿಂಗಳಲ್ಲಿ ಅವನು ನಕ್ಕಿದ್ದು ಅದೇ ಮೊದಲು. ‘ವಾಹನದಲ್ಲಿ ಯಾವುದೇ ದೋಷವಿಲ್ಲ, ದೂರನ್ನು ಹಿಂಪಡೆದಿದ್ದೇನೆ’ ಎಂಬ ಹಾಳೆಗೆ ನಾನು ತಲೆ ತಗ್ಗಿಸಿ ಸಹಿ ಹಾಕಿದೆ.

ಮರುದಿನ ಬೆಳಿಗ್ಗೆ ಹೆಂಡತಿ ಸ್ಟೀರಿಂಗ್ ಹಿಡಿದು ಕೂತಳು. ಪಕ್ಕದ ಸೀಟಿನಲ್ಲಿ ಶಾಲೆಯ ಪುಸ್ತಕಗಳ ರಟ್ಟಿನ ಡಬ್ಬ, ಬೆಲ್ಟ್ ಬಿಗಿದುಕೊಂಡು. ಹಾಗಾಗಿ ನಾನು ಅವಳ ಹಿಂದೆ, ಅದೇ ಸೀಟಿನಲ್ಲಿ. ಫೈಲು ಬೀರುವಿನಲ್ಲಿತ್ತು. ಅವಮಾನದ ಭಾರಕ್ಕೆ ಬೆಲ್ಟ್ ಹಾಕಿಕೊಳ್ಳುವುದೂ ಮರೆತಿದ್ದೆ.

ಕಾರು ಚಾಲೂ ಆಯಿತು. ಗಂಟೆ ಬಡಿಯಲಿಲ್ಲ.

ನಾನು ಅತ್ತಿತ್ತ ಸರಿದೆ. ಮೈಭಾರವನ್ನೆಲ್ಲ ಬಿಟ್ಟು ಕೂತೆ. ಎದ್ದು ಎದ್ದು ಕೂತೆ. ಪರದೆಯಲ್ಲಿ ಯಾರೂ ಮೂಡಲಿಲ್ಲ.

“ರೀ, ಹಿಂದೆ ಕೂತಿದ್ದೀರಾ?”

“ಕೂತಿದ್ದೀನಲ್ಲೇ.”

“ಬೆಲ್ಟ್?”

“ಹಾಕಿಲ್ಲ.”

ಅವಳು ಪರದೆ ನೋಡಿದಳು. ಕತ್ತೆತ್ತಿ ಕನ್ನಡಿಯನ್ನು ಸರಿಪಡಿಸಿಕೊಂಡು ಅದರೊಳಗೆ ಬಹಳ ಹೊತ್ತು ನೋಡಿದಳು. ನಾನು ಕೈ ಆಡಿಸಿದೆ. ದೋಷ ಸಾಬೀತುಪಡಿಸುವ ಗಡುವು ನಿನ್ನೆಗೇ ಮುಗಿದಿತ್ತು.

“ಯಾರೂ ಇಲ್ಲ ಅಂತ ತೋರಿಸ್ತಿದೆ,” ಎಂದಳು. ತಿಂಗಳಿಂದ ಕಾಣದ ನೆಮ್ಮದಿ ಅವಳ ದನಿಯಲ್ಲಿತ್ತು. “ಸದ್ಯ, ಇನ್ನು ಹಾಯಾಗಿ ಓಡಿಸಬಹುದು.”