ಅತ್ತೆಯ ಕನಸಿನಲ್ಲಿ ತಪ್ಪು ಮಾಡಿದವರು

ಇಡೀ ಭಾಲ್ಕಿಯಲ್ಲಿ ನಮ್ಮ ಸೋದರತ್ತೆಯಷ್ಟು ದುಡಿಯುವವರು ಇನ್ನೊಬ್ಬರಿಲ್ಲ. ಏನು ಮಾಡುವುದು, ಅಷ್ಟೂ ದುಡಿಮೆ ನಿದ್ದೆಯಲ್ಲೇ ನಡೆಯುತ್ತದೆ! ಉಂಡು ಹಾಸಿಗೆಗೆ ತಲೆ ಕೊಟ್ಟರೆ ಬಿಸಿಲು ಮುಖಕ್ಕೆ ಬಡಿಯುವ ತನಕ ಗೊರಕೆ. ಎದ್ದಾಗ ನೋಡಿದರೆ ಮಾತ್ರ ರಾತ್ರಿಯೆಲ್ಲ ಮೂಟೆ ಹೊತ್ತವರ ಮುಖ.

"ನಿದ್ದಿ ಹತ್ತಿತ್ತೇನ್ರಿ ಅತ್ತಿ?"

"ಎಲ್ಲಿ ನಿದ್ದಿ? ರಾತ್ರಿ ಪೂರಾ ಬೀಗರಿಗೆ ಹೋಳಿಗಿ ಲಟ್ಟಿಸೀನಿ. ರಟ್ಟಿ ಹಿಡದಾವ!"

ಅಷ್ಟಕ್ಕೇ ನಿಂತಿದ್ದರೆ ನಾವು ಬದುಕಿಕೊಳ್ಳುತ್ತಿದ್ದೆವು. ಅವಳ ಕನಸಿನಲ್ಲಿ ಯಾರು ತಪ್ಪು ಮಾಡುತ್ತಾರೋ ಅವರಿಗೆ ಬೆಳಗ್ಗೆ ಬೈಗುಳ ಖಾತ್ರಿ. ಬೀದರಿನ ಮೈಲೂರಿನಲ್ಲಿ ನಾನು ಹಲ್ಲುಜ್ಜುತ್ತಿರುವಾಗ ಫೋನು ಬರುತ್ತದೆ: "ನನ್ನ ಎಮ್ಮಿ ಗಾಂಧಿ ಗಂಜಿಗೆ ಒಯ್ದು ಯಾಕ ಮಾರಿದಿ?" ಅತ್ತೆಗೆ ಎಮ್ಮೆಯೇ ಇಲ್ಲ! ಗಂಜ್ ಮಾರುಕಟ್ಟೆಯಲ್ಲಿ ಮಾರುವುದೂ ಕಾಳುಕಡಿ, ಎಮ್ಮೆಯಲ್ಲ.

"ಅತ್ತಿ, ಅದು ನಿಮ್ಮ ಕನಸ್ರಿ!"

"ಕನಸು ನಂದು. ಗುಣ ನಿಂದು!"

ಇದಕ್ಕೆ ಯಾವ ಕೋರ್ಟಿಗೆ ಅಪೀಲು ಹೋಗಲಿ?

ಒಮ್ಮೆ ಎಲ್ಲೋ ಓದಿದ್ದನ್ನು ತಿಳಿಸಿ ಹೇಳಲು ಹೋದೆ. "ನಿದ್ದಿಗೂ ಮೆಟ್ಟಲ ಇರ್ತಾವ್ರಿ ಅತ್ತಿ. ಆಳಕ್ಕ ಇಳದ್ರ ಮೈಗೆ ಆರಾಮ. ಮತ್ತ ಮ್ಯಾಲ ಬಂದಾಗ ಕನಸು ಜಾಸ್ತಿ."

"ಮೊಣಕಾಲ ಬ್ಯಾನಿಯಾಕಿಗೆ ರಾತ್ರಿಯೆಲ್ಲ ಮೆಟ್ಟಲ ಹತ್ತಿ ಇಳಿ ಅಂತೀ? ಅದಕ್ಕ ದಣೀತೀನಿ ನಾ!"

ನನ್ನ ವಿಜ್ಞಾನ ಅಲ್ಲೇ ಮಕಾಡೆ ಮಲಗಿತು.

ಹೋದ ಚಳಿಗಾಲದಲ್ಲಿ ಭಾಲ್ಕಿಗೆ ಹೋಗಿದ್ದೆ. ಬೆಳಗ್ಗೆ ಅತ್ತೆ ಎದ್ದವಳೇ ಸೆರಗು ಸಿಕ್ಕಿಸಿ ನಿಂತಳು. ಔರಾದಿನಲ್ಲಿರುವ ಅವಳ ತಂಗಿ, ಅಂದರೆ ನಮ್ಮ ಚಿಕ್ಕತ್ತೆ, ಕನಸಿನ ಪಂಕ್ತಿಯಲ್ಲಿ ಎಲ್ಲರಿಗೂ ಶಿರಾ ಬಡಿಸಿ ಇವಳ ತಾಟು ದಾಟಿ ಹೋಗಿದ್ದಳಂತೆ!

"ಫೋನ್ ಮಾಡಿ ಬೈಯ್ರಿ."

"ಇಂಥಾದ್ದು ಎದುರಿಗೇ ಕೇಳಬೇಕು. ನಡಿ ಔರಾದಿಗೆ!"

ಬಸ್ಸಿನುದ್ದಕ್ಕೂ ಅಕ್ಕಪಕ್ಕದವರಿಗೆಲ್ಲ ತಾಟು ದಾಟಿದ ಕಥೆ. ಕಂಡಕ್ಟರ್ ಕೂಡ, "ತಪ್ಪು ಬಿಡ್ರಿ ಅದು," ಎಂದು ತೀರ್ಪು ಕೊಟ್ಟ.

ಚಿಕ್ಕತ್ತೆ ಬಾಗಿಲು ತೆರೆದಳು. ಗಂಡ ತೀರಿಕೊಂಡು ಇನ್ನೂ ಕೆಲವೇ ತಿಂಗಳು. ಕಣ್ಣ ಕೆಳಗೆ ಕಪ್ಪು ಇಳಿದಿತ್ತು.

"ನನ್ನ ತಾಟಿಗೆ ಶಿರಾ ಯಾಕ ನೀಡಲಿಲ್ಲ?" ಅತ್ತೆ ಹೊಸ್ತಿಲಲ್ಲೇ ಗುಡುಗಿದಳು. ನಾನು ಅವಳ ಬೆನ್ನ ಹಿಂದಿನಿಂದ 'ಕನಸು, ಕನಸು' ಎಂದು ಸನ್ನೆ ಮಾಡಿದೆ. ಚಿಕ್ಕತ್ತೆ ಅಕ್ಕನ ಮುಖವನ್ನೇ ನೋಡಿದಳು. ಆಮೇಲೆ ನಕ್ಕುಬಿಟ್ಟಳು.

"ತಪ್ಪಾಯ್ತಕ್ಕಾ. ಬಾ, ಈಗ ನೀಡ್ತೇನಿ."

ತುಪ್ಪದಲ್ಲಿ ರವೆ ಹುರಿದ ವಾಸನೆ ಮನೆ ತುಂಬಿತು. ತಾಟು ಮುಂದೆ ಬಂದರೂ ಅತ್ತೆ ಕೈ ಹಚ್ಚಲಿಲ್ಲ.

"ನಿನ್ನ ತಾಟೆಲ್ಲಿ?"

"ನನಗ ಬ್ಯಾಡಕ್ಕಾ. ಅವ್ರು ಹೋದಾಗಿಂದ ಊಟ ಸೇರವಲ್ದು, ನಿದ್ದೀನೂ ಹತ್ತವಲ್ದು."

ಅತ್ತೆ ತಂಗಿಯ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡು, ತನ್ನ ತಾಟಿನಿಂದಲೇ ತುತ್ತು ಮಾಡಿ ಬಾಯಿಗಿಟ್ಟಳು. ಚಿಕ್ಕತ್ತೆ ಅಳುತ್ತಲೇ ಉಂಡಳು.

ಮಧ್ಯಾಹ್ನ ಇಬ್ಬರೂ ಒಂದೇ ಚಾಪೆಯ ಮೇಲೆ ಅಡ್ಡಾದರು. ಭಾಲ್ಕಿ ಬಸ್ಸಿನ ಹೊತ್ತಾಯಿತೆಂದು ಎಬ್ಬಿಸಲು ಹೋದೆ. ಅತ್ತೆಯ ತೋಳ ಮೇಲೆ ತಲೆಯಿಟ್ಟು ಚಿಕ್ಕತ್ತೆ ಗಾಢ ನಿದ್ದೆಯಲ್ಲಿದ್ದಳು. ಅತ್ತೆ ಮಾತ್ರ ಕಣ್ಣು ಬಿಟ್ಟುಕೊಂಡು, ತೋಳು ಅಲುಗಿಸದೆ ಮಲಗಿದ್ದಳು.

"ಹೋಗಲಿ ಬಿಡು ಬಸ್ಸು," ಎಂದು ಪಿಸುಗುಟ್ಟಿದಳು. "ಆಕಿ ನಿದ್ದಿ ಮಾಡಲಿ."