ತಿಂಡಿ ಊಟವಲ್ಲ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ಹೇಳಿದ್ದಾರೆ. ಈ ಎರಡನ್ನೂ ನಾನು ಬಲ್ಲೆನೆಂಬ ನಂಬಿಕೆಯಿಂದಲೇ ತುಮಕೂರಿನ ಕಾಲೇಜೊಂದು ನನಗೆ ತಿಂಗಳು ತಿಂಗಳೂ ಸಂಬಳ ಕೊಡುತ್ತಿದೆ. ನನ್ನ ವಿಷಯ ಆರೋಗ್ಯ ಸಾಕ್ಷರತೆ. ಅಂದರೆ, ಡಾಕ್ಟರು ಹೇಳಿದ್ದು ಜನರಿಗೆ ಅರ್ಥವಾಗುವಂತೆ ಮಾಡುವುದು. ಅದರಲ್ಲೂ ಆಸ್ಪತ್ರೆ ದೂರವಿರುವ, ಡಾಕ್ಟರ ಮುಂದೆ ಬಾಯಿ ಬಿಡಲು ಹೆದರುವ ಊರುಗಳ ಜನರಿಗೆ. ಇದನ್ನು ಇಷ್ಟು ಬಿಡಿಸಿ ಹೇಳುವುದನ್ನು ಕಲಿಯಲೇ ನನಗೆ ಬಹಳ ಕಾಲ ಹಿಡಿಯಿತು. ಎದುರು ಮನೆಯವರು ನಾನು ನರ್ಸುಗಳಿಗೆ ಅ ಆ ಇ ಈ ಕಲಿಸುತ್ತೇನೆಂದು ಇಂದಿಗೂ ನಂಬಿದ್ದಾರೆ. ನಮ್ಮ ಜೊತೆಯಲ್ಲೇ ಇರುವ ಅತ್ತೆಯಂತೂ ಗುಬ್ಬಿಯ ತಂಗಿಗೆ ಫೋನಿನಲ್ಲಿ ನನ್ನ ಪರಿಚಯ ಮಾಡಿಕೊಡುವುದು ಹೀಗೆ: "ನಮ್ಮ ಸೊಸೇನೂ ಡಾಕ್ಟ್ರೇ ಕಣೇ. ಆದ್ರೆ ಇಂಜಕ್ಷನ್ ಕೊಡಲ್ಲ, ಬರೀ ಮಾತಾಡ್ತಾಳೆ."

ಅತ್ತೆಗೆ ಬಿಪಿ. ಬೆಳಿಗ್ಗೆ ಒಂದು, ರಾತ್ರಿ ಒಂದು ಮಾತ್ರೆ. ಎರಡನ್ನೂ ಬೆಳಿಗ್ಗೆಯೇ ಒಂದು ಬಟ್ಟಲಿಗೆ ಹಾಕಿ ಕೊಟ್ಟು ನಾನು ಕಾಲೇಜಿಗೆ ಓಡುತ್ತಿದ್ದೆ. ವೃತ್ತಿಧರ್ಮ ಬಿಡಬಾರದಲ್ಲ, ಮಾತ್ರೆಯ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ "ಊಟದ ನಂತರ" ಎಂದು ಬರೆದು ಅಂಟಿಸಿದ್ದೆ. ಅಡ್ಡಾದಿಡ್ಡಿ ಇಂಗ್ಲಿಷ್ ಇಲ್ಲ, ಗೀಚು ಇಲ್ಲ, ಶುದ್ಧ ಕನ್ನಡ. ಮರುದಿನ ಬೆಳಿಗ್ಗೆಗೆ ಬಟ್ಟಲು ಖಾಲಿಯಾಗಿರುತ್ತಿತ್ತು. ಬಿಪಿ ಮಾತ್ರ ಇಳಿಯಲೊಲ್ಲದು. ಒಂದು ದಿನ ಅತ್ತೆ ಬಚ್ಚಲ ಬಾಗಿಲಲ್ಲಿ ತಲೆ ಸುತ್ತಿ ಕುಸಿದು ಕುಳಿತರು. "ಇನ್ನು ಸ್ವಲ್ಪ ಏರಿದ್ರೆ ಲಕ್ವ ಹೊಡೀತಿತ್ತು" ಎಂದು ಡಾಕ್ಟರು ಗದರಿದರು. ಮಾತ್ರೆ ಸರಿಯಾಗಿ ತಗೋತೀರಾ ಎಂದು ಕೇಳಿದರು. ಅತ್ತೆ, "ನಮ್ಮ ಸೊಸೆ ಹೇಳ್ದಂಗೇ ತಗೋತೀನಿ" ಎಂದರು. ನಾನು ಪಕ್ಕದಲ್ಲಿ ಹೆಮ್ಮೆಯಿಂದ ನಿಂತಿದ್ದೆ. ಡಾಕ್ಟರು ಪಾಪ, ಇನ್ನೂ ಜೋರಾದ ಮಾತ್ರೆ ಬರೆದರು.

ನನ್ನ ಅನುಮಾನ ಹೋದದ್ದು ಉಪ್ಪಿನಕಾಯಿಯ ಮೇಲೆ. ಮಾವಿನಕಾಯಿ ಉಪ್ಪಿನಕಾಯಿಯ ಜಾಡಿಯನ್ನು ಮನೆಯಿಂದಲೇ ಗಡೀಪಾರು ಮಾಡಿ ಕಾಲೇಜಿನ ನನ್ನ ಬೀರುವಿನಲ್ಲಿ ಇಟ್ಟೆ. ಹಪ್ಪಳ ನಿಲ್ಲಿಸಿದೆ. ಸಾರಿಗೆ ಉಪ್ಪು ಕಡಿಮೆ ಮಾಡಿದೆ. ಅತ್ತೆ ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟರು. ನನ್ನ ಗಂಡ ಯಾರ ಪಕ್ಷವನ್ನೂ ವಹಿಸದೆ, ಹೋಟೆಲಿನಲ್ಲಿ ಊಟ ಮಾಡಿ ಬರತೊಡಗಿದರು.

ಹೀಗಿರುವಾಗ ಹುಲಿಯೂರುದುರ್ಗದ ಕಡೆಯ ಒಂದು ಹಳ್ಳಿಗೆ ಕೆಲಸದ ಮೇಲೆ ಹೋದೆ. ಡೈರಿಗೆ ಹಾಲು ಹಾಕಿದ ಹೆಂಗಸರೆಲ್ಲ ಜಗಲಿಯ ಮೇಲೆ ಕುಳಿತಿದ್ದರು. ನಾನು ನನ್ನ ಬಣ್ಣದ ಪೋಸ್ಟರು ಬಿಚ್ಚಿ, "ಬೆಳಿಗ್ಗೆ ಮತ್ತು ರಾತ್ರಿ ಊಟದ ನಂತರ ಮಾತ್ರೆ ನುಂಗಬೇಕು" ಎಂದು ರಾಗವಾಗಿ ಓದಿದೆ. ಜಯಮ್ಮ ಎಂಬಾಕೆ ಕೈಯಲ್ಲಿದ್ದ ಹಾಲಿನ ಕ್ಯಾನನ್ನು ಕುಕ್ಕಿ, "ಅಲ್ಲ ಮೇಡಂ, ಬೆಳಿಗ್ಗೆ ಹೊತ್ತು ಯಾರು ಊಟ ಮಾಡ್ತಾರೆ? ನಮ್ಮನೇಲಿ ಚಿತ್ರಾನ್ನ. ತಿಂಡಿಗೂ ಮಾತ್ರೆ ನುಂಗ್ಬೇಕಾ?" ಎಂದರು.

"ನಮ್ಮನೇಲಿ ಬೆಳಿಗ್ಗೇನೂ ಮುದ್ದೆ. ಅದ್ಕೇ ನಾನು ನುಂಗ್ತೀನಿ" ಎಂದರು ಇನ್ನೊಬ್ಬರು.

"ದೋಸೆ?"

"ದೋಸೆ ಹೆಂಗೆ ಊಟ ಆಯ್ತದೆ ಬುಡು. ಅನ್ನನೋ ಮುದ್ದೆನೋ ಇರ್ಬೇಕು, ಸಾರಿರ್ಬೇಕು."

"ಚಿತ್ರಾನ್ನದಾಗೆ ಅನ್ನ ಇಲ್ವೇನೇ?"

"ಸಾರೆಲ್ಲೈತೆ?"

ಜಗಲಿಯ ಮೇಲೆ ಭಾರಿ ಚರ್ಚೆಯೇ ನಡೆಯಿತು. ನಾನೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ನಗುನಗುತ್ತಲೇ ನಮ್ಮ ಮನೆಯ ಬೆಳಗಿನ ಉಪ್ಪಿಟ್ಟು ನೆನಪಾಯಿತು. ನಗು ಅಲ್ಲೇ ನಿಂತುಹೋಯಿತು. ಕುಣಿಗಲ್ಲಿನಿಂದ ತುಮಕೂರಿನವರೆಗೆ ಬಸ್ಸಿನಲ್ಲಿ ನನಗೆ ಸೀಟು ಸಿಕ್ಕಿತ್ತೋ ಇಲ್ಲವೋ, ಅದೂ ನೆನಪಿಲ್ಲ.

ಮನೆಗೆ ಬಂದವಳೇ, ಚಪ್ಪಲಿಯನ್ನೂ ಬಿಡದೆ, "ಅತ್ತೆ, ಬೆಳಗಿನ ಮಾತ್ರೆ ನುಂಗ್ತಿದೀರಾ?" ಎಂದು ಕೇಳಿದೆ.

"ಊಟದ ನಂತರ ಅಂತ ನೀನೇ ಬರ್ದಿದೀಯಲ್ಲಮ್ಮ. ಬೆಳಿಗ್ಗೆ ಹೊತ್ತು ನೀನು ಯಾವತ್ತು ಊಟ ಹಾಕಿದೀಯ? ಉಪ್ಪಿಟ್ಟು ತಾನೆ? ಮಧ್ಯಾಹ್ನ ನುಂಗೋಣ ಅಂದ್ರೆ ಅದು ಬೆಳಗಿನ ಮಾತ್ರೆ."

ಎಲೆ ಅಡಿಕೆ ಡಬ್ಬಿ ತೆರೆದು ತೋರಿಸಿದರು. ಅಡಿಕೆ ಚೂರುಗಳ ಪಕ್ಕದಲ್ಲಿ ನಾನು ಕೊಟ್ಟ ಬೆಳಗಿನ ಮಾತ್ರೆಗಳು ತುಂಬಿಕೊಂಡು ಕುಳಿತಿದ್ದವು. ಶನಿವಾರಗಳ ರಾತ್ರಿಯವೂ ಇದ್ದವು. ಶನಿವಾರ ಅತ್ತೆಯದು ಒಪ್ಪತ್ತು, ರಾತ್ರಿ ಅವಲಕ್ಕಿ. ಅವಲಕ್ಕಿ ಫಲಾಹಾರ, ಊಟವಲ್ಲ. ಎಸೆಯಲು ಮನಸ್ಸು ಬಾರದೆ ಎತ್ತಿಟ್ಟಿದ್ದರಂತೆ.

"ಒಂದು ಮಾತು ಕೇಳಬಾರದಿತ್ತಾ ಅತ್ತೆ?"

"ಓದಿರೋಳು ಬರ್ದಿದೀಯ. ಏನೋ ಅರ್ಥ ಇರುತ್ತೆ ಅಂದ್ಕೊಂಡೆ."

ನನಗೆ ಅಳು ಬಂತು. ನನ್ನ ಮಾತನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದ ಜೀವ ಈ ಲೋಕದಲ್ಲಿ ಇವರೊಬ್ಬರೇ, ಹಾಗೆ ಪಾಲಿಸಿಯೇ ಲಕ್ವದ ಬಾಗಿಲವರೆಗೆ ಹೋಗಿ ಬಂದಿದ್ದರು. ಮನೆದೇವರಿಗೆ ಮನಸ್ಸಿನಲ್ಲೇ ಕೈಮುಗಿದೆ. ಅದಕ್ಕಿಂತ ಮೊದಲು ಜಯಮ್ಮನಿಗೆ. ಮರುದಿನವೇ ಅತ್ತೆಯನ್ನೂ ಡಬ್ಬಿಯನ್ನೂ ಡಾಕ್ಟರ ಮುಂದೆ ಕೂರಿಸಿದೆ. ಅವರು ತಲೆ ಚಚ್ಚಿಕೊಂಡು ಜೋರು ಮಾತ್ರೆ ನಿಲ್ಲಿಸಿ ಹಳೆಯದನ್ನೇ ಕೊಟ್ಟರು. ಕೆಲವೇ ವಾರಗಳಲ್ಲಿ ಬಿಪಿ ಹದಕ್ಕೆ ಬಂತು. ನನ್ನ ಹತ್ತಿರ ಮಾತು ಬಿಟ್ಟಿದ್ದ ಅತ್ತೆ ಈಗ ಮಾತು ನಿಲ್ಲಿಸುವುದೇ ಇಲ್ಲ, ಅದಕ್ಕೂ ನಾನು ಕೃತಜ್ಞಳು.

ಮತ್ತೆ ಆ ಹಳ್ಳಿಗೆ ಹೋದಾಗ ಜಯಮ್ಮನ ಕೈ ಹಿಡಿದು ನಡೆದದ್ದನ್ನೆಲ್ಲ ಹೇಳಿದೆ. "ಅಯ್ಯೋ, ನಾನೇನು ಮಾಡ್ದೆ ಮೇಡಂ, ಚಿತ್ರಾನ್ನ ಊಟ ಅಲ್ಲ ಅಂದೆ ಅಷ್ಟೇಯ. ನಿಮ್ಮತ್ತೆ ಈಗ ಚೆನ್ನಾಗವ್ರಾ?" ಎಂದು ಕೇಳಿ, ತಾವೂ ಈಗ ಚಿತ್ರಾನ್ನಕ್ಕೆ ಮಾತ್ರೆ ನುಂಗುತ್ತಿರುವುದಾಗಿ ಹೇಳಿದರು. ಹೊಸ ಪೋಸ್ಟರನ್ನು ಜಗಲಿಯ ಸಭೆಯೇ ಹೇಳಿ ಬರೆಸಿತು: ಬೆಳಿಗ್ಗೆ ತಿಂಡಿ ಆದ ಮೇಲೆ ಒಂದು, ರಾತ್ರಿ ಊಟ ಆದ ಮೇಲೆ ಒಂದು, ಒಪ್ಪತ್ತಿದ್ದರೆ ಫಲಾಹಾರ ಆದ ಮೇಲೆ. ನಾನು ಮೊದಲು "ಏನಾದರೂ ತಿಂದ ಮೇಲೆ" ಎಂದು ಬರೆದು ಮನೆಯಲ್ಲಿ ಪರೀಕ್ಷಿಸಿ ನೋಡಿದ್ದೆ. ಅತ್ತೆ ಸಂಜೆ ಕಾಫಿಯ ಜೊತೆ ಬಿಸ್ಕತ್ತು ತಿಂದು, "ಮಾತ್ರೆ ತಾ" ಎಂದು ಕೈಯೊಡ್ಡಿದ್ದರು.

ಇಷ್ಟರಲ್ಲಿ ಕಾಲೇಜಿನ ಬೀರುವಿನಲ್ಲಿದ್ದ ಉಪ್ಪಿನಕಾಯಿ ಜಾಡಿ ಏನಾಯಿತೆಂದು ನೀವು ಕೇಳಲಿಲ್ಲ. ಮಧ್ಯಾಹ್ನದ ಮೊಸರನ್ನದ ಜೊತೆ ನಾನೇ ಅದರ ತಳ ಕಂಡಿದ್ದೆ. ಕಾರಣ ಅದೊಂದೇ ಇರಲಾರದು, ಆದರೆ ಈಗ ನನಗೂ ಬಿಪಿ. ಡಾಕ್ಟರು ನನ್ನ ಚೀಟಿಯಲ್ಲೂ "ಊಟದ ನಂತರ" ಎಂದೇ ಬರೆದಿದ್ದಾರೆ. ಬೆಳಿಗ್ಗೆ ಒಂದು ತುತ್ತು ಉಪ್ಪಿಟ್ಟು ಬಾಯಿಗೆ ಹಾಕಿಕೊಂಡು ಬಾಗಿಲಿಗೆ ಓಡುವಾಗ ಅತ್ತೆ ನೀರಿನ ಲೋಟ ಹಿಡಿದು ಅಡ್ಡ ನಿಲ್ಲುತ್ತಾರೆ.

"ಅತ್ತೆ, ಹೊತ್ತಾಯ್ತು. ಮಧ್ಯಾಹ್ನ ಊಟ ಆದ್ಮೇಲೆ ನುಂಗ್ತೀನಿ."

"ಕೂತ್ಕೊಂಡು ತಟ್ಟೆ ಖಾಲಿ ಮಾಡು. ಮಾತ್ರೆ ಲೆಕ್ಕಕ್ಕೆ ತಿಂಡೀನೂ ಊಟಾನೇ ಕಣಮ್ಮ."

ಕುಳಿತು ತಿಂದು ನುಂಗುತ್ತೇನೆ. ಅಷ್ಟರಲ್ಲಿ ಗುಬ್ಬಿಯಿಂದ ಫೋನು ಬಂದಿರುತ್ತದೆ. "ಇಲ್ಲೇ ಇದಾಳೆ ಕಣೇ. ಎಲ್ಲಾ ಓದ್ಕೊಂಡವ್ಳೆ, ಪಾಪ. ಅರ್ಥ ಆಗೋದು ಸ್ವಲ್ಪ ನಿಧಾನ. ನಾನು ಹೇಳ್ಕೊಡ್ತಾ ಇದೀನಿ."